ರೋಮನ್ ಈಜಿಪ್ಟಿನಲ್ಲಿ ಮೃತರ ಮುಖ: ಮಮ್ಮಿ, ಮುಖವಾಡ ಮತ್ತು ಭಾವಚಿತ್ರ

1

ಕ್ರಿ.ಪೂ. 31ರ ಆಕ್ಟಿಯಮ್ ಕದನದಲ್ಲಿ ಸೋತ ಏಳನೆಯ ಕ್ಲಿಯೋಪಾತ್ರ ಮರುವರ್ಷ ಅಲೆಕ್ಸಾಂಡ್ರಿಯದಲ್ಲಿ ಪ್ರಾಣ ಕಳೆದುಕೊಂಡಳು. ಅಲ್ಲಿಗೆ ಟಾಲೆಮಿ ವಂಶದ ಸುಮಾರು ಮೂರು ಶತಮಾನಗಳ ಆಳ್ವಿಕೆ ಮುಗಿದು ಈಜಿಪ್ಟ್ ದೇಶ ರೋಮಿನ ಒಂದು ಪ್ರಾಂತವಾಯಿತು. ಸಾಮಾನ್ಯ ಇತಿಹಾಸಗ್ರಂಥಗಳು ಈಜಿಪ್ಟಿನ ಪ್ರಾಚೀನ ಚರಿತ್ರೆಯನ್ನು ಇಲ್ಲಿಗೇ ಮುಗಿಸಿಬಿಡುವುದು ವಾಡಿಕೆ. ಆದರೆ ಅರಮನೆಯ ಚರಿತ್ರೆ ಮುಗಿದಲ್ಲಿ ಜನರ ಚರಿತ್ರೆಯೂ ಮುಗಿಯಿತೆಂದು ತಿಳಿಯುವುದು ಸರಿಯಲ್ಲ. ನೈಲ್ ನದಿಯ ದಡದ ಸ್ಮಶಾನಗಳು ಇದಕ್ಕೆ ಸಾಕ್ಷಿಯಾಗಿವೆ. ರೋಮಿನ ಅಧಿಕಾರಿಗಳಿಗೆ ಕಂದಾಯ ತೆರುತ್ತ, ಗ್ರೀಕ್ ಭಾಷೆಯಲ್ಲಿ ಕಾಗದಪತ್ರ ಬರೆಯುತ್ತ, ರೋಮಿನ ರಾಣಿಯರಂತೆ ಕೇಶಶೃಂಗಾರ ಮಾಡಿಕೊಳ್ಳುತ್ತಿದ್ದ ಜನರು ಸತ್ತಾಗ ಮಾತ್ರ ಫೇರೋಗಳ ಕಾಲದ ಪದ್ಧತಿಯಂತೆ ಮಮ್ಮಿಗಳಾಗಿ ಒಸೈರಿಸ್ ದೇವನ ಆಶ್ರಯಕ್ಕೆ ಸಲ್ಲುತ್ತಿದ್ದರು.

ಈ ಕಾಲದ ಈಜಿಪ್ಟ್ ಕನ್ನಡ ವಿದ್ವಾಂಸರಿಗೆ ತೀರ ಅಪರಿಚಿತವಲ್ಲ. ಆಕ್ಸಿರಿಂಕಸ್ ಎಂಬ ಊರಿನ ಕಸದ ತಿಪ್ಪೆಗಳಲ್ಲಿ ದೊರೆತ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡ ಮಾತುಗಳಿವೆಯೆಂದು 1904ರಲ್ಲಿ ಹುಲ್ಟ್ಸ್ ಸೂಚಿಸಿದಂದಿನಿಂದ ನಡೆದ ಚರ್ಚೆ ನಮ್ಮ ಓದುಗರಿಗೆ ತಿಳಿದೇ ಇದೆ. ಆ ವಿವಾದ ಇಲ್ಲಿಯ ವಿಷಯವಲ್ಲ. ಆದರೆ ಆ ಪ್ರಹಸನವನ್ನು ನೋಡಿ ನಕ್ಕಿರಬಹುದಾದ ಪಟ್ಟಣಿಗರು ಎಂಥವರು, ತಮ್ಮವರು ಸತ್ತಾಗ ಅವರು ಏನು ಮಾಡುತ್ತಿದ್ದರು ಎಂಬುದನ್ನು ಅರಿಯಲು ಮಮ್ಮಿಗಳಿಗಿಂತ ನಿಕಟವಾದ ಆಧಾರ ವಿರಳ.

ಈ ಲೇಖನದಲ್ಲಿ ನಾವು ಒಂದು ಪ್ರಶ್ನೆಯನ್ನು ಮುಖ್ಯವಾಗಿ ವಿವೇಚಿಸುವೆವು. ರೋಮನ್ ಕಾಲದ ಮಮ್ಮಿಗಳಲ್ಲಿ ಕೆಲವಕ್ಕೆ ಹಳೆಯ ಸಂಪ್ರದಾಯದ ಹೊಂಬಣ್ಣದ ಮುಖವಾಡವುಂಟು. ಕೆಲವಕ್ಕೆ ಮುಖದ ಸ್ಥಾನದಲ್ಲಿ ಮರದ ಹಲಗೆಯ ಮೇಲೆ ಬರೆದ, ಜೀವಂತವೆಂಬಂತೆ ತೋರುವ ಭಾವಚಿತ್ರವುಂಟು. ಎರಡನೆಯದು ಗ್ರೀಕ್ ಕಲೆಯ ವಿಜಯವೆಂದೂ ಈಜಿಪ್ಟಿನ ಧರ್ಮದ ಅವಸಾನದ ಚಿಹ್ನೆಯೆಂದೂ ಹಲವರು ಬರೆದಿದ್ದಾರೆ. ಈ ಅಭಿಪ್ರಾಯ ಎಷ್ಟರಮಟ್ಟಿಗೆ ಸಾಧುವಾದುದು?

2

ಮೊದಲು ಪೂರ್ವಪದ್ಧತಿಯನ್ನು ಸ್ಥೂಲವಾಗಿ ತಿಳಿಯಬೇಕು. ಕ್ರಿ.ಪೂ. 5ನೆಯ ಶತಮಾನದ ಹಿರಾಡೊಟಸ್ ತನ್ನ ಚರಿತ್ರೆಯ ಎರಡನೆಯ ಸಂಪುಟದಲ್ಲಿ ಶವಸಂರಕ್ಷಣೆಯ ಮೂರು ತರಗತಿಗಳನ್ನು ವರ್ಣಿಸಿದ್ದಾನೆ. ಉತ್ತಮ ತರಗತಿಯಲ್ಲಿ ಮೂಗಿನ ಮೂಲಕ ಕಬ್ಬಿಣದ ಕೊಕ್ಕೆಯಿಂದ ಮಿದುಳನ್ನು ತೆಗೆದು, ಪಕ್ಕೆಯನ್ನು ಹರಿತವಾದ ಕಲ್ಲಿನಿಂದ ಸೀಳಿ ಕರುಳುಗಳನ್ನು ಹೊರತೆಗೆದು, ಒಳಭಾಗವನ್ನು ಈಚಲ ಮದ್ಯದಿಂದ ತೊಳೆದು, ಸುಗಂಧದ್ರವ್ಯಗಳನ್ನು ತುಂಬುತ್ತಿದ್ದರು. ಅನಂತರ ದೇಹವನ್ನು ನ್ಯಾಟ್ರನ್ ಎಂಬ ಸಹಜ ಕ್ಷಾರದಲ್ಲಿ ಹುದುಗಿಸಿ ಒಣಗಿಸಿ ನಾರುಬಟ್ಟೆಯ ಪಟ್ಟಿಗಳಿಂದ ಸುತ್ತುತ್ತಿದ್ದರು. ಅವನು ಹೇಳುವ 70 ದಿನಗಳು ಇಡೀ ಸಂಸ್ಕಾರದ ಅವಧಿಯೆಂದೂ, ಕ್ಷಾರದಲ್ಲಿ ಒಣಗಿಸುವ ಕಾರ್ಯಕ್ಕೆ ಸುಮಾರು 40 ದಿನಗಳು ಸಾಕೆಂದೂ ಇಂದಿನ ವಿದ್ವಾಂಸರು ಭಾವಿಸುತ್ತಾರೆ.

ರೋಮನರು ಬರುವುದಕ್ಕೆ ಕೇವಲ ಒಂದು ತಲೆಮಾರಿನ ಹಿಂದೆ, ಸುಮಾರು ಕ್ರಿ.ಪೂ. 60ರಲ್ಲಿ, ಈಜಿಪ್ಟನ್ನು ಕಂಡ ಡಿಯೊಡೊರಸ್ ಈ ವೃತ್ತಿಯ ವ್ಯಾವಹಾರಿಕ ಮುಖವನ್ನು ತೋರಿಸುತ್ತಾನೆ. ಶವಸಂಸ್ಕಾರದವರು ಮೃತರ ಬಂಧುಗಳ ಮುಂದೆ ದರದ ಪಟ್ಟಿಯನ್ನು ಇಡುತ್ತಿದ್ದರಂತೆ. ಮೊದಲ ದರ್ಜೆಗೆ ಒಂದು ಟ್ಯಾಲೆಂಟ್ ಬೆಳ್ಳಿ, ಎರಡನೆಯದಕ್ಕೆ 20 ಮೈನಾ, ಮೂರನೆಯದಕ್ಕೆ ಅತ್ಯಲ್ಪ ವೆಚ್ಚ. ಒಂದು ಟ್ಯಾಲೆಂಟಿಗೆ 60 ಮೈನಾಗಳಾದುದರಿಂದ ಎರಡನೆಯ ದರ್ಜೆಯ ವೆಚ್ಚ ಮೊದಲನೆಯದರ ಮೂರನೆಯ ಒಂದು ಪಾಲಾಯಿತು. ಪಕ್ಕೆಯನ್ನು ಸೀಳುವವನು ತನ್ನ ಕೆಲಸ ಮುಗಿದೊಡನೆ ಓಡಿಹೋಗುತ್ತಿದ್ದನೆಂದೂ, ಮನುಷ್ಯದೇಹಕ್ಕೆ ಗಾಯಮಾಡಿದ ದೋಷಕ್ಕಾಗಿ ಉಳಿದವರು ಅವನ ಮೇಲೆ ಕಲ್ಲೆಸೆಯುತ್ತಿದ್ದರೆಂದೂ ಅವನೇ ತಿಳಿಸಿದ್ದಾನೆ. ಅಗತ್ಯವಾದ ಕೆಲಸವೂ ದೂಷ್ಯವಾಗಬಲ್ಲದು. ಆ ದೋಷವನ್ನು ಒಬ್ಬನ ಮೇಲೆ ಹೊರಿಸಿ ಉಳಿದವರು ಶುದ್ಧರಾಗುತ್ತಿದ್ದರು.

ಇನ್ನು ಮುಖವಾಡದ ವಿಷಯ. ಪಟ್ಟಿಗಳಿಂದ ಸುತ್ತಿದ ಮೇಲೆ ಮೃತನ ಮುಖ ಮರೆಯಾಗುತ್ತದೆ. ಮುಖವಿಲ್ಲದವನು ಪರಲೋಕದಲ್ಲಿ ನೋಡಲಾರ, ಉಣ್ಣಲಾರ, ಮಾತನಾಡಲಾರ. ಆದುದರಿಂದ ಅವನಿಗೆ ಮತ್ತೊಂದು ಮುಖವನ್ನು ಕೊಡಬೇಕು. ‘ಮೃತರ ಗ್ರಂಥ’ವೆಂದು ಪ್ರಸಿದ್ಧವಾದ ಮಂತ್ರಸಂಗ್ರಹದ 151ನೆಯ ಪ್ರಕರಣದಲ್ಲಿ ಮುಖವಾಡದ ಅವಯವಗಳನ್ನು ಒಂದೊಂದಾಗಿ ದೇವತೆಗಳಿಗೆ ಸಮೀಕರಿಸಲಾಗಿದೆ, ಕಣ್ಣುಗಳು ಸೂರ್ಯನ ಎರಡು ದೋಣಿಗಳಾಗುತ್ತವೆ. ಟುಟಂಖಮನ್ ದೊರೆಯ ಸುವರ್ಣಮುಖವಾಡದ ಬೆನ್ನಿನ ಮೇಲೆ ಈ ಮಂತ್ರವನ್ನೇ ಕೆತ್ತಲಾಗಿದೆ. ದೇವತೆಗಳ ಮೈ ಚಿನ್ನವೆಂಬ ನಂಬಿಕೆಯಿದ್ದುದರಿಂದ ಹೊನ್ನಿನ ಮುಖ ಕೇವಲ ಐಶ್ವರ್ಯದ ಪ್ರದರ್ಶನವಲ್ಲ. ಮೃತನು ದೇವತ್ವವನ್ನು ಪಡೆದನೆಂಬುದರ ಘೋಷಣೆ. ಹೀಗೆ ಮುಖವಾಡವು ಮುಖವನ್ನು ಮರೆಸುವ ಸಾಧನವಲ್ಲ, ಮುಖವನ್ನು ದಾನಮಾಡುವ ಸಾಧನ ಎಂಬ ಅಂಶವನ್ನು ಮುಂದಿನ ವಿವೇಚನೆಗಾಗಿ ನೆನಪಿನಲ್ಲಿಡಬೇಕು.

3

ರೋಮನ್ ಕಾಲದಲ್ಲಿ ಈ ಪದ್ಧತಿ ನಿಂತುಹೋಗಲಿಲ್ಲ; ಇನ್ನಷ್ಟು ಜನರಿಗೆ ಹರಡಿತು. ದೇಹದ ಒಳಸಂಸ್ಕಾರದಲ್ಲಿ ಹಿಂದಿನ ಸೂಕ್ಷ್ಮತೆ ಅನೇಕ ಕಡೆ ಕುಗ್ಗಿತು. ರಾಳವನ್ನು ಧಾರಾಳವಾಗಿ ಸುರಿದು ಕೆಲಸ ಮುಗಿಸಿದ ಉದಾಹರಣೆಗಳುಂಟು. ಆದರೆ ಹೊರಗಿನ ಅಲಂಕಾರ ಅದ್ಭುತವಾಗಿ ಬೆಳೆಯಿತು. ನಾರುಬಟ್ಟೆಯ ಪಟ್ಟಿಗಳನ್ನು ವಜ್ರಾಕೃತಿಯ ಮನೆಗಳು ಮೂಡುವಂತೆ ಪದರಪದರವಾಗಿ ಹೆಣೆದು, ಪ್ರತಿಯೊಂದು ಮನೆಯ ನಡುವೆ ಚಿನ್ನದ ಲೇಪವುಳ್ಳ ಗುಬ್ಬಿಯನ್ನಿಟ್ಟ ಮಮ್ಮಿಗಳು ಈ ಕಾಲದ ಕುಶಲಕಲೆಗೆ ನಿದರ್ಶನಗಳು. ಕೆಲವು ದೇಹಗಳ ಚರ್ಮದ ಮೇಲೆಯೇ ಚಿನ್ನದ ರೇಕನ್ನು ಅಂಟಿಸಿರುವುದೂ ಕಂಡುಬಂದಿದೆ.

ಮುಖವಾಡಗಳು ಪ್ರದೇಶದಿಂದ ಪ್ರದೇಶಕ್ಕೆ ಭಿನ್ನವಾಗಿದ್ದುವು. ಫಯೂಮ್ ಪ್ರಾಂತದ ಹವಾರದಲ್ಲಿ ಬಟ್ಟೆಯ ಪದರುಗಳನ್ನು ಗಾರೆಯೊಡನೆ ಅಂಟಿಸಿ ಗಟ್ಟಿಮಾಡಿದ ಕಾರ್ಟೊನೇಜ್ ಮುಖವಾಡಗಳಿಗೆ ಚಿನ್ನ ಲೇಪಿಸುತ್ತಿದ್ದರು. ಮಧ್ಯ ಈಜಿಪ್ಟಿನ ಟೂನಾ ಎಲ್-ಗೆಬೆಲ್ ಮೊದಲಾದೆಡೆ ಗಾರೆಯಿಂದ ಎರಕಹೊಯ್ದ ತಲೆಗಳನ್ನು ಕೂಡಿಸುತ್ತಿದ್ದರು. ಇವುಗಳಲ್ಲಿ ಗಾಜಿನ ಕಣ್ಣುಗಳುಂಟು. ಮಲಗಿದವನು ದಿಂಬಿನಿಂದ ತಲೆಯೆತ್ತಿ ನೋಡುತ್ತಿರುವನೋ ಎಂಬಂತೆ ಕೆಲವು ತಲೆಗಳನ್ನು ಮೇಲಕ್ಕೆ ಬಾಗಿಸಿ ಮಾಡಿದ್ದಾರೆ. ಸತ್ತವನು ಏಳುವ ಕ್ಷಣವನ್ನು ಗಾರೆಯಲ್ಲಿ ಹಿಡಿಯುವ ಪ್ರಯತ್ನವಿದು. ಪಶ್ಚಿಮದ ಮರುಭೂಮಿಯ ಬಹರೀಯ ಓಯಸಿಸ್‌ನಲ್ಲಿ 1996ರಲ್ಲಿ ಪತ್ತೆಯಾಗಿ 1999ರಲ್ಲಿ ಜಾಹಿ ಹವಾಸ್ ಅವರ ನೇತೃತ್ವದಲ್ಲಿ ಉತ್ಖನನಗೊಂಡ ಸ್ಮಶಾನದಲ್ಲಿ ಮೊದಲ ಹಂತದಲ್ಲಿಯೇ ನೂರಕ್ಕೂ ಹೆಚ್ಚು ಮಮ್ಮಿಗಳು ದೊರೆತುವು. ಅವುಗಳಲ್ಲಿ ಹಲವಕ್ಕೆ ಹೊನ್ನಿನ ಮುಖವಾಡವೂ ಎದೆಗವಚವೂ ಇದ್ದುವು. ರಾಜಧಾನಿಗೆ ಬಹು ದೂರದ ಊರಿನವರೂ ಈ ಸಂಸ್ಕಾರಕ್ಕೆ ಹಣ ವ್ಯಯಿಸುತ್ತಿದ್ದರೆಂಬುದು ಇದರಿಂದ ಸ್ಪಷ್ಟ.

4

ಭಾವಚಿತ್ರಗಳನ್ನು ಯೂರೋಪಿನವರ ಗಮನಕ್ಕೆ ಮೊದಲು ತಂದವನು ಇಟಲಿಯ ಯಾತ್ರಿಕ ಪಿಯೆಟ್ರೊ ಡೆಲ್ಲಾ ವಾಲೆ. 1615ರಲ್ಲಿ ಸಕ್ಕಾರದಲ್ಲಿ ಅವನು ಪಡೆದ ಎರಡು ಮಮ್ಮಿಗಳು ಇಂದು ಡ್ರೆಸ್ಡನ್ನಿನಲ್ಲಿವೆ. ಆದರೆ ಇವುಗಳ ವ್ಯವಸ್ಥಿತ ಅಧ್ಯಯನ ಪ್ರಾರಂಭವಾದುದು 1888ರಲ್ಲಿ, ಫ್ಲಿಂಡರ್ಸ್ ಪೀಟ್ರಿಯವರು ಹವಾರದ ಪಿರಮಿಡ್ಡಿನ ಬಳಿ ಅಗೆತ ಕೈಗೊಂಡಾಗ. ಅಲ್ಲಿ ಅವರಿಗೆ ಹತ್ತಾರು ಭಾವಚಿತ್ರಮಮ್ಮಿಗಳು ದೊರೆತುವು; 1910–11ರಲ್ಲಿ ಅವರು ಮತ್ತೆ ಅಲ್ಲಿಗೆ ಹೋಗಿ ಇನ್ನಷ್ಟನ್ನು ಹೊರತೆಗೆದರು. ಪೀಟ್ರಿಯವರ ಮೊದಲ ಅಗೆತದ ಸರಿಸುಮಾರು ಅದೇ ಸಮಯದಲ್ಲಿ ವಿಯೆನ್ನಾದ ವ್ಯಾಪಾರಿ ಥಿಯೊಡೋರ್ ಗ್ರಾಫ್ ಎಂಬಾತನ ಕೈಗೆ ಎರ್-ರುಬಾಯತಿನ ಚಿತ್ರಗಳು ಬಂದುವು. ಹೇಡ್ರಿಯನ್ ಚಕ್ರವರ್ತಿ ಕ್ರಿ.ಶ. 130ರಲ್ಲಿ ಸ್ಥಾಪಿಸಿದ ಆಂಟಿನೂಪೊಲಿಸ್ ನಗರದ ಸ್ಮಶಾನವೂ ಇಂಥ ಚಿತ್ರಗಳ ಇನ್ನೊಂದು ಆಕರ. ಇಂದು ತಿಳಿದಿರುವ ಚಿತ್ರಗಳ ಸಂಖ್ಯೆ ಸಾವಿರಕ್ಕೆ ಸಮೀಪದಲ್ಲಿದೆ.

ಚಿತ್ರವಿಧಾನ ಎರಡು ಬಗೆಯದು. ಒಂದು, ಬಣ್ಣವನ್ನು ಜೇನುಮೇಣದಲ್ಲಿ ಬೆರಸಿ ಕುಂಚದಿಂದಲೂ ಲೋಹದ ಗಟ್ಟಿ ಉಪಕರಣದಿಂದಲೂ ಹಲಗೆಯ ಮೇಲೆ ಹರಡುವುದು. ಇನ್ನೊಂದು, ನೀರಿನಲ್ಲಿ ಕರಗುವ ಅಂಟಿನೊಡನೆ ಬಣ್ಣವನ್ನು ಬಳಸುವುದು. ಮೇಣದ ಚಿತ್ರಗಳಲ್ಲಿ ಚರ್ಮದ ಹೊಳಪು, ಕಣ್ಣಿನ ತೇವ, ಗಂಟಲಿನ ಬಳಿಯ ನೆರಳು ಇವೆಲ್ಲ ಎಣ್ಣೆಬಣ್ಣದ ಚಿತ್ರಗಳನ್ನು ನೆನಪಿಗೆ ತರುವಷ್ಟು ಸಹಜವಾಗಿವೆ. ಗ್ರೀಕರ ಹಲಗೆಚಿತ್ರಗಳ ಕೀರ್ತಿಯನ್ನು ನಾವು ಪ್ಲಿನಿಯಂಥವರ ಬರಹಗಳಲ್ಲಿ ಓದಬಲ್ಲೆವೇ ಹೊರತು ಆ ಚಿತ್ರಗಳು ಬಹುಮಟ್ಟಿಗೆ ನಾಶವಾಗಿವೆ. ಮರುಭೂಮಿಯ ಒಣಹವೆ ಕಾಪಾಡಿದ ಈ ಮಮ್ಮಿಚಿತ್ರಗಳು ಆ ಮಹಾಸಂಪ್ರದಾಯದ ಉಳಿದ ಶಾಖೆ. ಹಲಗೆಗಳಲ್ಲಿ ಬಹುಪಾಲು ಈಜಿಪ್ಟಿನಲ್ಲಿ ಬೆಳೆಯದ ಲಿಂಡನ್ ಮರದವು ಎಂಬುದು ಸೂಕ್ಷ್ಮದರ್ಶಕದ ಪರೀಕ್ಷೆಯಿಂದ ತಿಳಿದುಬಂದಿದೆ. ಸಾವಿಗಾಗಿ ಬರೆಸುವ ಚಿತ್ರಕ್ಕೂ ಕಡಲಾಚೆಯಿಂದ ಮರ ಬರುತ್ತಿತ್ತು.

ಕಾಲನಿರ್ಣಯಕ್ಕೆ ಮುಖ್ಯ ಆಧಾರ ಕೂದಲು. ಚಕ್ರವರ್ತಿಗಳ ಮನೆತನದ ಸ್ತ್ರೀಯರ ಕೇಶವಿನ್ಯಾಸ ನಾಣ್ಯಗಳಿಂದಲೂ ಶಿಲ್ಪಗಳಿಂದಲೂ ತಿಳಿದಿರುವುದರಿಂದ, ಹಣೆಯ ಮೇಲೆ ಗುಂಗುರುಗಳ ಗೋಪುರವಿದ್ದರೆ ಚಿತ್ರ 1ನೆಯ ಶತಮಾನದ ಕೊನೆಯದೆಂದು ಊಹಿಸಬಹುದು. ಆದರೆ ಈ ಮಾನದಂಡವನ್ನು ಎಚ್ಚರಿಕೆಯಿಂದ ಬಳಸಬೇಕು. ಹವಾರದ ಆಲೀನೆ ಎಂಬ ಸ್ತ್ರೀಯ ಮಮ್ಮಿಯೊಡನೆ ದೊರೆತ ಶಾಸನ ಆಕೆ ಹಿರೋಡಿಸನ ಮಗಳೆಂದೂ, 35 ವರ್ಷದವಳಾಗಿ ‘10ನೆಯ ವರ್ಷ’ದಲ್ಲಿ ತೀರಿಕೊಂಡಳೆಂದೂ ತಿಳಿಸುತ್ತದೆ. ಯಾವ ಚಕ್ರವರ್ತಿಯ 10ನೆಯ ವರ್ಷ? ಟೈಬೀರಿಯಸ್ ಎಂದರೆ ಕ್ರಿ.ಶ. 24, ಟ್ರೇಜನ್ ಎಂದರೆ ಕ್ರಿ.ಶ. 107. ತಲೆಗೂದಲಿನ ಸಾಕ್ಷ್ಯವನ್ನೇ ಮುಂದಿಟ್ಟು ವಿದ್ವಾಂಸರು ಎರಡೂ ಪಕ್ಷಗಳನ್ನು ವಾದಿಸಿದ್ದಾರೆ.

5

ಈ ಮುಖಗಳು ಯಾರವು? ಇಲ್ಲಿ ಕಲೆಯ ಚರಿತ್ರೆಗಿಂತ ಕಂದಾಯದ ಚರಿತ್ರೆ ನಮಗೆ ಹೆಚ್ಚು ನೆರವಾಗುತ್ತದೆ. ರೋಮನರು ಈಜಿಪ್ಟಿನ ಜನರನ್ನು ಕಟ್ಟುನಿಟ್ಟಾಗಿ ವಿಂಗಡಿಸಿದರು. ಮೇಲೆ ರೋಮನ್ ಪೌರರು. ಅನಂತರ ಅಲೆಕ್ಸಾಂಡ್ರಿಯ ಮೊದಲಾದ ಗ್ರೀಕ್ ನಗರಗಳ ಪೌರರು. ಉಳಿದವರೆಲ್ಲ ಕಾನೂನಿನ ದೃಷ್ಟಿಯಲ್ಲಿ ‘ಈಜಿಪ್ಟಿಯನರು’. ಈ ಕೊನೆಯ ವರ್ಗದ ಗಂಡಸರು ಹದಿನಾಲ್ಕನೆಯ ವಯಸ್ಸಿನಿಂದ ತಲೆಗಂದಾಯ ತೆರಬೇಕಾಗಿತ್ತು. ಆರ್ಸಿನೊಯಿಟ್ ಜಿಲ್ಲೆಯಲ್ಲಿ, ಅಂದರೆ ಫಯೂಮಿನಲ್ಲಿ, ಹಳ್ಳಿಗನ ಕಂದಾಯ ವರ್ಷಕ್ಕೆ 40 ಡ್ರಾಕ್ಮಾ. ಜಿಲ್ಲೆಯ ಮುಖ್ಯಪಟ್ಟಣದ ನಿವಾಸಿಯದು 20. ಇದೇ ಜಿಲ್ಲೆಯಲ್ಲಿ ‘6475 ಗ್ರೀಕರು’ ಎಂಬ ವಿಶೇಷ ವರ್ಗವೊಂದು ಇದ್ದಿತೆಂದು ಪಪೈರಸ್ ಪತ್ರಗಳು ಹೇಳುತ್ತವೆ. ಟಾಲೆಮಿಗಳ ಕಾಲದಲ್ಲಿ ಭೂಮಿ ಪಡೆದು ನೆಲೆಸಿದ ಸೈನಿಕರ ವಂಶಜರೆಂದು ಇವರು ಹೇಳಿಕೊಳ್ಳುತ್ತಿದ್ದರು.

ಈ ಪಟ್ಟಣಿಗರು ರಕ್ತದಿಂದ ಶುದ್ಧ ಗ್ರೀಕರೇನೂ ಅಲ್ಲ. ತಲೆತಲಾಂತರದಿಂದ ದೇಶೀಯರೊಡನೆ ವಿವಾಹಸಂಬಂಧ ಬೆಳೆಸಿದವರು. ಅವರ ಹೆಸರುಗಳಲ್ಲಿ ಗ್ರೀಕೂ ಈಜಿಪ್ಟಿಯನ್ನೂ ಬೆರೆತಿವೆ. ಆದರೆ ಗ್ರೀಕನೆನ್ನಿಸಿಕೊಳ್ಳುವುದು ಅವರಿಗೆ ವೃಥಾಭಿಮಾನದ ವಿಷಯವಾಗಿರಲಿಲ್ಲ. ಅದು ಅರ್ಧ ಕಂದಾಯದ, ವ್ಯಾಯಾಮಶಾಲೆಯ ಸದಸ್ಯತ್ವದ, ಮಕ್ಕಳ ಸ್ಥಾನಮಾನದ ವಿಷಯವಾಗಿತ್ತು. ಬಿಳಿಯ ಅಂಗಿ, ಹೆಗಲ ಮೇಲಿನ ಉತ್ತರೀಯ, ಕಿವಿಯ ಮುತ್ತುಗಳು, ತಲೆಯ ಮೇಲಣ ಹೊನ್ನಿನ ಎಲೆಗಳ ಕಿರೀಟ ಇವೆಲ್ಲವೂ ಆ ಸ್ಥಾನವನ್ನು ಸಾರುವ ಚಿಹ್ನೆಗಳು.

ಚಿತ್ರಗಳಲ್ಲಿ ಯುವಕಯುವತಿಯರೂ ಮಕ್ಕಳೂ ಅಧಿಕವಾಗಿರುವುದನ್ನು ಕಂಡು, ಇವು ಯೌವನದಲ್ಲಿ ಬರೆಸಿ ಮನೆಯಲ್ಲಿ ತೂಗುಹಾಕಿದ್ದ ಚಿತ್ರಗಳೆಂದು ಕೆಲವರು ಊಹಿಸಿದರು. ಹವಾರದಲ್ಲಿ ಚೌಕಟ್ಟುಸಹಿತವಾದ ಚಿತ್ರವೊಂದು ದೊರೆತುದರಿಂದ ಈ ಊಹೆ ಕೆಲವಕ್ಕೆ ಅನ್ವಯಿಸಲೂಬಹುದು. ಆದರೆ 14 ವರ್ಷಗಳಿಗೊಮ್ಮೆ ನಡೆಯುತ್ತಿದ್ದ ಜನಗಣತಿಯ ಪತ್ರಗಳನ್ನು ಪರಿಶೀಲಿಸಿ ಬ್ಯಾಗ್ನಲ್ ಮತ್ತು ಫ್ರಯರ್ ಅವರು 1994ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ಕಾಲದ ಈಜಿಪ್ಟಿನಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಷ್ಯ 22ರಿಂದ 25 ವರ್ಷಗಳಷ್ಟೇ. ಹೀಗಿರುವಾಗ ಎಳೆಯ ಮುಖಗಳಿಗೆ ಬೇರೆ ವಿವರಣೆಯನ್ನು ಹುಡುಕಬೇಕಾದ ಅಗತ್ಯ ಕಾಣದು. ಅವರು ಎಳೆಯರಾಗಿಯೇ ಸತ್ತರು.

6

ಈಗ ಮುಖ್ಯ ಪ್ರಶ್ನೆಗೆ ಬರೋಣ. ಭಾವಚಿತ್ರವು ಮುಖವಾಡದ ಧರ್ಮವನ್ನು ತೊರೆಯಿತೇ? ಮೂರು ನಿದರ್ಶನಗಳನ್ನು ಪರಿಶೀಲಿಸಬಹುದು.

ಮೊದಲನೆಯದು, ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಆರ್ಟೆಮಿಡೋರಸ್ ಎಂಬ ತರುಣನ ಮಮ್ಮಿ. ಕಾಲ 2ನೆಯ ಶತಮಾನದ ಆದಿಭಾಗ. ಮುಖದ ಸ್ಥಾನದಲ್ಲಿರುವ ಹಲಗೆಚಿತ್ರದಲ್ಲಿ ಅವನು ಗ್ರೀಕ್ ಉಡುಪಿನ, ದೊಡ್ಡ ಕಣ್ಣುಗಳ ಯುವಕ. ಅದರ ಕೆಳಗೆ ಕೆಂಪು ಬಣ್ಣದ ಗಾರೆಯ ಕವಚದ ಮೇಲೆ ಚಿನ್ನದ ರೇಕಿನಲ್ಲಿ ಗಿಡುಗನ ತಲೆಗಳುಳ್ಳ ಕಂಠಾಭರಣ, ಶವಮಂಚದ ಮೇಲಿನ ದೇಹಕ್ಕೆ ಉಪಚರಿಸುತ್ತಿರುವ ನರಿದಲೆಯ ಅನೂಬಿಸ್, ಅದಕ್ಕೂ ಕೆಳಗೆ ಮರಳಿ ಎಚ್ಚರಗೊಳ್ಳುತ್ತಿರುವ ಒಸೈರಿಸ್. ಎದೆಯ ಮೇಲೆ ಗ್ರೀಕ್ ಲಿಪಿಯಲ್ಲಿ, ಕಾಗುಣಿತದ ದೋಷದೊಡನೆ, ಅವನ ಹೆಸರೂ ವಿದಾಯದ ಒಂದು ಮಾತೂ ಬರೆದಿವೆ. ಆ ವಿದಾಯಪದಕ್ಕೆ ‘ಧೈರ್ಯದಿಂದಿರು’ ಎಂಬ ಅರ್ಥವೂ ಉಂಟು. ಹೆಸರು ಗ್ರೀಕ್ ದೇವತೆಯದು, ಉಡುಪು ಗ್ರೀಕರದು, ಭರವಸೆ ಮಾತ್ರ ಸಂಪೂರ್ಣವಾಗಿ ಈಜಿಪ್ಟಿನದು.

ಎರಡನೆಯದು, 1911ರಲ್ಲಿ ಪೀಟ್ರಿಯವರಿಗೆ ಹವಾರದಲ್ಲಿ ದೊರೆತು ಈಗ ಕೇಂಬ್ರಿಜ್ಜಿನ ಗರ್ಟನ್ ಕಾಲೇಜಿನಲ್ಲಿರುವ ಹರ್ಮಯೊನಿ ಎಂಬ ತರುಣಿಯ ಮಮ್ಮಿ. ಆಕೆಯ ಚಿತ್ರದ ಮೇಲೆ ಹೆಸರಿನೊಡನೆ ‘ಗ್ರಮಾಟಿಕೆ’ ಎಂಬ ಒಂದು ಪದವುಂಟು. ಇದು ಸಾಹಿತ್ಯಶಿಕ್ಷಕಿ ಎಂಬ ವೃತ್ತಿಸೂಚಕವೋ, ವಿದ್ಯಾವತಿ ಎಂಬ ಪ್ರಶಂಸೆಯೋ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಯಾವುದೇ ಆಗಲಿ, ಆಕೆಯ ಬಂಧುಗಳು ಆಕೆಯ ಬಗ್ಗೆ ಉಳಿಯಬೇಕೆಂದು ಆರಿಸಿದ ಮಾತು ತಂದೆಯ ಪದವಿಯಲ್ಲ, ಗಂಡನ ಹೆಸರಲ್ಲ, ಆಕೆಯ ವಿದ್ಯೆ. ಅಧ್ಯಾಪಕರಾದವರು ಈ ಶಾಸನವನ್ನು ಗೌರವದಿಂದ ಓದದೆ ಇರಲಾರರು.

ಮೂರನೆಯದು ಮೇಲೆ ಹೇಳಿದ ಆಲೀನೆಯ ಸಮಾಧಿ. 1892ರಲ್ಲಿ ಫಾನ್ ಕೌಫ್‌ಮನ್ ಕಂಡುಹಿಡಿದ ಈ ಗುಂಡಿಯಲ್ಲಿ ಆಲೀನೆಗೂ ಇಬ್ಬರು ಎಳೆಯ ಮಕ್ಕಳಿಗೂ ಭಾವಚಿತ್ರಗಳಿದ್ದುವು. ಅವರೊಡನೆಯೇ ಇದ್ದ ಒಬ್ಬ ಗಂಡಸಿಗೂ ಒಬ್ಬ ಹುಡುಗಿಗೂ ಹೊನ್ನಿನ ಮುಖವಾಡಗಳಿದ್ದುವು. ನಮ್ಮ ದೃಷ್ಟಿಯಲ್ಲಿ ಇದು ಅತ್ಯಂತ ಪ್ರಬಲವಾದ ಸಾಕ್ಷ್ಯ. ಮುಖವಾಡ ಹಳೆಯ ಶ್ರದ್ಧೆಯದು, ಚಿತ್ರ ಹೊಸ ಸಂದೇಹದ್ದು ಎಂಬ ವಿಭಜನೆ ನಿಜವಾಗಿದ್ದರೆ, ಒಂದೇ ಸಮಾಧಿಯಲ್ಲಿ ಎರಡೂ ಜೊತೆಯಾಗಿ ಮಲಗಿರುವುದನ್ನು ವಿವರಿಸುವುದು ಕಷ್ಟ. ಅದನ್ನು ಸಿದ್ಧಪಡಿಸಿದವರಿಗೆ ಎರಡೂ ಸಮಾನವಾಗಿ ಸಲ್ಲುವ ಮುಖಗಳಾಗಿದ್ದುವೆಂದೇ ತಿಳಿಯಬೇಕು.

ಆದುದರಿಂದ ನಮ್ಮ ನಿರ್ಣಯ ಇದು: ಭಾವಚಿತ್ರವು ಮುಖವಾಡವನ್ನು ಕಿತ್ತುಹಾಕಲಿಲ್ಲ, ಅದರ ಸ್ಥಾನದಲ್ಲಿ ಕುಳಿತು ಅದರ ಕೆಲಸವನ್ನೇ ಮಾಡಿತು. ಶೈಲಿ ಬದಲಾಯಿತು, ಪ್ರಯೋಜನ ಬದಲಾಗಲಿಲ್ಲ. ಚಿತ್ರದ ತುಟಿಗಳಿಗೂ ಹಿನ್ನೆಲೆಗೂ ಕೆಲವೆಡೆ ಹಚ್ಚಿರುವ ಚಿನ್ನದ ರೇಕು ಹಳೆಯ ಹೊನ್ನಿನ ಮುಖದ ಅವಶೇಷವೇ ಸರಿ. ಬದುಕಿನಲ್ಲಿ ಗ್ರೀಕನೆಂದು ಗುರುತಿಸಿಕೊಳ್ಳುವ ಅಗತ್ಯ, ಸಾವಿನಲ್ಲಿ ಒಸೈರಿಸ್ ಆಗುವ ಆಸೆ, ಇವೆರಡನ್ನೂ ಒಂದೇ ದೇಹದ ಮೇಲೆ ನೆರವೇರಿಸಿದುದು ಈ ಜನರ ವೈಶಿಷ್ಟ್ಯ.

7

ಈ ಶ್ರದ್ಧೆಯ ಆಳವನ್ನು ಅರಿಯಲು ಶ್ರೀಮಂತರ ಚಿತ್ರಗಳಿಗಿಂತ ಬಡವರ ಮರದ ಬಿಲ್ಲೆಗಳು ಉತ್ತಮ. ದೇಹವನ್ನು ದೂರದ ಸ್ಮಶಾನಕ್ಕೆ ದೋಣಿಯಲ್ಲಿ ಸಾಗಿಸುವಾಗ ಕೊರಳಿಗೆ ಕಟ್ಟುತ್ತಿದ್ದ ಈ ಬಿಲ್ಲೆಗಳ ಮೇಲೆ ಹೆಸರು, ತಂದೆತಾಯಿಯರ ಹೆಸರು, ವಯಸ್ಸು, ಸೇರಬೇಕಾದ ಊರು ಇವು ಗ್ರೀಕ್ ಅಥವಾ ಡೆಮೊಟಿಕ್ ಲಿಪಿಯಲ್ಲಿ, ಕೆಲವೊಮ್ಮೆ ಎರಡರಲ್ಲಿಯೂ ಇವೆ. ಸೆನ್‌ಪಮೊಂಥೆಸ್ ಎಂಬಾಕೆ ತನ್ನ ಸಹೋದರ ಪಮೊಂಥೆಸನಿಗೆ ಬರೆದ ಪತ್ರವೊಂದು ಉಳಿದಿದೆ. ತಾಯಿಯ ದೇಹವನ್ನು ಸಂಸ್ಕರಿಸಿ, ಕೊರಳಿಗೆ ಬಿಲ್ಲೆ ಕಟ್ಟಿ, ದೋಣಿಯಲ್ಲಿ ಕಳುಹಿಸಿರುವುದಾಗಿಯೂ, ಬಾಡಿಗೆಯನ್ನು ಪೂರ್ತಿ ತೆತ್ತಿರುವುದಾಗಿಯೂ ಆಕೆ ತಿಳಿಸುತ್ತಾಳೆ. ಗುರುತು ತಪ್ಪದಿರಲೆಂದು ಹೊರಗಿನ ಬಟ್ಟೆಯ ಬಣ್ಣವನ್ನೂ, ಹೊಟ್ಟೆಯ ಮೇಲೆ ಹೆಸರು ಬರೆದಿರುವುದನ್ನೂ ನೆನಪಿಸುತ್ತಾಳೆ. ಶೋಕದ ಒಂದು ಮಾತೂ ಇಲ್ಲದ ಈ ವ್ಯವಹಾರಪತ್ರದಲ್ಲಿ ತಾಯಿ ಬೇರೆಯವರ ಪಾಲಾದಾಳೆಂಬ ಮಗಳ ಆತಂಕ ಎದ್ದು ಕಾಣುತ್ತದೆ. ಗುರುತು ಕಳೆದುಹೋಗಬಾರದು ಎಂಬುದೇ ಬಿಲ್ಲೆಗೂ ಮುಖವಾಡಕ್ಕೂ ಭಾವಚಿತ್ರಕ್ಕೂ ಸಮಾನವಾದ ಉದ್ದೇಶ.

ಮಮ್ಮಿಗಳನ್ನು ಸಂಸ್ಕಾರವಾದೊಡನೆ ಹೂಳುತ್ತಿದ್ದರೇ? ಕೆಲವು ಮಮ್ಮಿಗಳ ಪಾದದ ಭಾಗ ಸವೆದಿರುವುದನ್ನೂ ಹೊರಮೈ ಮಲಿನವಾಗಿರುವುದನ್ನೂ ಗಮನಿಸಿ, ಅವನ್ನು ವರ್ಷಗಳ ಕಾಲ ಮನೆಯಲ್ಲಿ ನಿಲ್ಲಿಸಿರುತ್ತಿದ್ದರೆಂದು ಪೀಟ್ರಿಯವರು ವಾದಿಸಿದರು. ಮನೆಯಲ್ಲಲ್ಲ, ಸ್ಮಶಾನದ ಮಂಟಪಗಳಲ್ಲಿ ಎಂದು ಇತ್ತೀಚಿನ ಹಲವರ ಮತ. ಆದರೆ ಅಥನೇಸಿಯಸ್ ಬರೆದ ಸಂತ ಆಂಟನಿಯ ಚರಿತ್ರೆಯಲ್ಲಿ, ಈಜಿಪ್ಟಿನವರು ಪೂಜ್ಯರ ದೇಹಗಳನ್ನು ಬಟ್ಟೆಯಲ್ಲಿ ಸುತ್ತಿ ಮನೆಯ ಮಂಚಗಳ ಮೇಲಿಡುವ ರೂಢಿಯನ್ನು ಆ ಸಂತನು ಖಂಡಿಸಿದನೆಂದೂ, 356ರಲ್ಲಿ ತಾನು ಸಾಯುವಾಗ ತನ್ನ ದೇಹವನ್ನು ಯಾರಿಗೂ ತಿಳಿಯದಂತೆ ಹೂಳಬೇಕೆಂದು ಶಿಷ್ಯರಿಗೆ ವಿಧಿಸಿದನೆಂದೂ ಇದೆ. ನಾಲ್ಕನೆಯ ಶತಮಾನದಲ್ಲಿಯೂ ಇಂಥ ನಿಷೇಧದ ಅಗತ್ಯವಿತ್ತೆಂದರೆ, ಮೃತರನ್ನು ಕಣ್ಣೆದುರಿಗೆ ಇಟ್ಟುಕೊಳ್ಳುವ ಬಯಕೆ ಎಷ್ಟು ಗಾಢವಾಗಿತ್ತೆಂಬುದನ್ನು ಊಹಿಸಬಹುದು. ಭಾವಚಿತ್ರಗಳ ರೂಢಿ ಮೂರನೆಯ ಶತಮಾನದಲ್ಲಿ ಕ್ಷೀಣಿಸಿತು. 212ರಲ್ಲಿ ಕ್ಯಾರಕಲ್ಲಾ ಸಾಮ್ರಾಜ್ಯದ ಬಹುತೇಕ ಸ್ವತಂತ್ರಪ್ರಜೆಗಳಿಗೆಲ್ಲ ಪೌರತ್ವವನ್ನಿತ್ತ ಮೇಲೆ ಹಳೆಯ ವರ್ಗಭೇದದ ಬೆಲೆ ಕುಸಿಯಿತು. ಆರ್ಥಿಕ ಸಂಕಟ, ದೇವಾಲಯಗಳ ದಾರಿದ್ರ್ಯ, ಕ್ರೈಸ್ತಧರ್ಮದ ಪ್ರಸಾರ ಇವೂ ಕೂಡಿಕೊಂಡುವು.

8

ಕೊನೆಯದಾಗಿ, ಈ ಅಧ್ಯಯನಕ್ಕೆ ಸಂಬಂಧಿಸಿದ ಒಂದು ಅನ್ಯಾಯವನ್ನು ಎತ್ತಿಹೇಳಬೇಕು. ಹತ್ತೊಂಬತ್ತನೆಯ ಶತಮಾನದ ವ್ಯಾಪಾರಿಗಳಿಗೆ ಬೇಕಾದುದು ಗೋಡೆಗೆ ತೂಗುಹಾಕಬಹುದಾದ ಚಿತ್ರ, ಹೆಣವಲ್ಲ. ಆದುದರಿಂದ ಹಲಗೆಗಳನ್ನು ಮಮ್ಮಿಗಳಿಂದ ಕಿತ್ತು ಮಾರಿದರು. ದೇಹಗಳನ್ನು ಬಹುಮಟ್ಟಿಗೆ ಅಲ್ಲಿಯೇ ಬಿಸುಟರು. ಇಂದು ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿ ಹಂಚಿಹೋಗಿರುವ ಚಿತ್ರಗಳಲ್ಲಿ ತಮ್ಮ ದೇಹದೊಡನೆ ಉಳಿದಿರುವುವು ಬಹು ಕೆಲವು ಮಾತ್ರ. ದೇಹದಿಂದ ಬೇರ್ಪಟ್ಟ ಚಿತ್ರವನ್ನು ಕಂಡವರು ಅದನ್ನು ಗ್ರೀಕ್ ಕಲಾಕೃತಿಯೆಂದು ಮೆಚ್ಚಿದುದು ಸಹಜವೇ. ಅನೂಬಿಸನೂ ಒಸೈರಿಸನೂ ಇದ್ದ ಕೆಳಭಾಗ ಅವರ ಕಣ್ಣಿಗೆ ಬೀಳಲೇ ಇಲ್ಲ. ‘ಗ್ರೀಕ್ ಕಲೆಯ ವಿಜಯ’ವೆಂಬ ಸಿದ್ಧಾಂತ ಒಂದಿಷ್ಟು ಮಟ್ಟಿಗೆ ವ್ಯಾಪಾರಿಯ ಗರಗಸದಿಂದ ಹುಟ್ಟಿದ್ದು. 2013ರಲ್ಲಿ ಅಮೆರಿಕದ ಗೆಟ್ಟಿ ಮ್ಯೂಸಿಯಮ್ ಆರಂಭಿಸಿದ ಸಹಕಾರಯೋಜನೆಯಲ್ಲಿ ನಾನಾ ದೇಶಗಳ ಸಂಸ್ಥೆಗಳು ತಮ್ಮಲ್ಲಿನ ಚಿತ್ರಗಳ ಮರ, ಬಣ್ಣ, ಅಂಟುಗಳನ್ನು ಪರೀಕ್ಷಿಸಿ ಫಲಿತಾಂಶವನ್ನು ಒಂದೆಡೆ ಕಲೆಹಾಕುವ ಕಾರ್ಯದಲ್ಲಿ ತೊಡಗಿದುವು. ಚದುರಿಹೋದುದನ್ನು ಜ್ಞಾನದ ಮಟ್ಟದಲ್ಲಾದರೂ ಮತ್ತೆ ಕೂಡಿಸುವ ಪ್ರಯತ್ನವಿದು.

ಚರಿತ್ರೆಯ ವಿದ್ಯಾರ್ಥಿಗಳಿಗೆ ಇದರಲ್ಲಿ ಒಂದು ಸಾಮಾನ್ಯ ಪಾಠವುಂಟು. ಒಂದು ಸಂಸ್ಕೃತಿ ಮತ್ತೊಂದನ್ನು ಗೆದ್ದಿತೆಂದು ತೀರ್ಮಾನಿಸುವ ಮೊದಲು, ನಾವು ನೋಡುತ್ತಿರುವ ವಸ್ತು ಪೂರ್ಣವಾಗಿದೆಯೇ ಎಂದು ಕೇಳಬೇಕು. ಆರ್ಟೆಮಿಡೋರಸನ ಮುಖವನ್ನಷ್ಟೇ ಕಂಡವರಿಗೆ ಅವನು ಗ್ರೀಕ; ಕವಚವನ್ನಷ್ಟೇ ಕಂಡವರಿಗೆ ಈಜಿಪ್ಟಿಯನ್. ಎರಡನ್ನೂ ಒಟ್ಟಿಗೆ ಕಂಡಾಗ ಮಾತ್ರ, ಎರಡೂ ಆಗಿದ್ದು ಅದರಲ್ಲಿ ಯಾವ ವಿರೋಧವನ್ನೂ ಕಾಣದ ಒಬ್ಬ ಮನುಷ್ಯ ನಮ್ಮೆದುರಿಗೆ ಬಂದು ನಿಲ್ಲುತ್ತಾನೆ.